ಹಾನಿ ಇಲ್ಲ ಅಂತ ಹೇಳಿದವರು ಯಾರು?

ಮಾನ್ಯ ಸಂಪಾದಕರೇ,

ಎಂಜಿನ್ ಕಟ್ಟಿಕೊಂಡು ಬಟ್ಟೆಯ ರೆಕ್ಕೆಯಲ್ಲಿ ಹಾರುವ ಪ್ಯಾರಾಮೋಟರ್ ನಮ್ಮೂರಲ್ಲಿ ಬಿದ್ದ ಸುದ್ದಿಯನ್ನು ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಇಬ್ಬರೂ ಪಾರು, ಯಾವುದೇ ಹಾನಿ ಇಲ್ಲ’ ಅಂತ ಬರೆದಿದ್ದೀರಿ. ಅವರಿಬ್ಬರು ಬಿದ್ದದ್ದು ನನ್ನ ದ್ರಾಕ್ಷಿ ತೋಟದ ಮೇಲೆ. ಹಾನಿ ಇಲ್ಲ ಅಂತ ಹೇಳಿದವರು ಯಾರು? ನಿಮ್ಮ ವರದಿಗಾರರು ರಸ್ತೆಯಲ್ಲೇ ನಿಂತು ಫೋಟೊ ತೆಗೆದುಕೊಂಡು ಹೋದರು. ಹತ್ತು ಹೆಜ್ಜೆ ಒಳಗೆ ಬಂದಿದ್ದರೆ ಎಲ್ಲ ಕಾಣುತ್ತಿತ್ತು.

ಚಪ್ಪರ ಹೊತ್ತ ಮೂರು ಕಲ್ಲುಕೂಚ ಮುರಿದಿವೆ. ಚಪ್ಪರದ ತಂತಿ ಎರಡು ಸಾಲು ಜೋತುಬಿದ್ದಿದೆ. ಕೊಯ್ಲಿಗೆ ಇನ್ನು ಹನ್ನೆರಡೇ ದಿನ ಇತ್ತು. ಆ ಎಂಜಿನ್ನಿನ ಟ್ಯಾಂಕ್ ಒಡೆದು ಆಯಿಲ್ ಬೆರೆಸಿದ ಪೆಟ್ರೋಲ್ ಗೊಂಚಲುಗಳ ಮೇಲೆ ಸುರಿದಿದೆ. ತೋಟ ನೋಡಲು ಬಂದ ವ್ಯಾಪಾರಿ ಒಂದು ಹಣ್ಣು ಕಿತ್ತು ಮೂಸಿ, ಕೆಳಗೆ ಹಾಕಿ ಹೊರಟ. ಆ ಎರಡು ಸಾಲಲ್ಲ, ಇಡೀ ತೋಟವೇ ಬೇಡ ಅಂದ.

ನನಗೆ ಹೊಟ್ಟೆ ಉರಿದದ್ದು ಆಮೇಲೆ. ಹಾರಿಸುವವರ ಕಡೆಯವರು ಜೀಪಿನಲ್ಲಿ ಬಂದರು. ಆ ಬಟ್ಟೆಯ ರೆಕ್ಕೆಗೆ ಲಕ್ಷಗಟ್ಟಲೆ ಬೆಲೆಯಂತೆ. ಅದರ ಒಂದೊಂದು ದಾರಕ್ಕೂ ಲೆಕ್ಕದ ಉದ್ದ ಇರುತ್ತದಂತೆ, ಕತ್ತರಿಸಿದರೆ ಹಾಳಂತೆ. ಹಾಗಾಗಿ ಬಳ್ಳಿಗೆ ಸಿಕ್ಕಿಕೊಂಡ ದಾರ ಬಿಟ್ಟು ನನ್ನ ಬಳ್ಳಿಯನ್ನೇ ಕತ್ತರಿಸಿದರು! ಅದೂ ನನ್ನದೇ ಕತ್ತರಿಯಲ್ಲಿ. ಕಡ್ಡಿ ಸವರಲು ಕೂಚಕ್ಕೆ ನೇತುಹಾಕಿದ್ದೆ, ಕೇಳದೇ ತೆಗೆದುಕೊಂಡರು. ಏಳು ವರ್ಷದ ಬಳ್ಳಿಗಳು. ಹೆಬ್ಬೆರಳು ದಪ್ಪದ ಕವಲುಗಳು. ನಾನು ‘ಬೇಡ ಸ್ವಾಮಿ, ನಿಧಾನಕ್ಕೆ ಬಿಡಿಸೋಣ’ ಅನ್ನುವಷ್ಟರಲ್ಲಿ ಆರು ಕಡೆ ಕತ್ತರಿಸಿ ಆಗಿತ್ತು. ಸಂಜೆ ಹೊತ್ತಿಗೆ ಎಲೆ ಬಾಡಿ ಮುದುಡಿಕೊಂಡವು.

ಅಷ್ಟಕ್ಕೇ ಮುಗಿಯಲಿಲ್ಲ. ವಿಡಿಯೊ ಮಾಡಲು ಬಂದ ಜನ ಡ್ರಿಪ್ ಪೈಪು ತುಳಿದರು, ಬೇಲಿ ಕಿತ್ತರು. ಹಸು ಹಗ್ಗ ಹರಿದುಕೊಂಡು ಓಡಿ, ಹುಡುಕಿ ತರುವಾಗ ಕತ್ತಲಾಯಿತು. ಎಂಟು ಲೀಟರ್ ಕೊಡುತ್ತಿದ್ದದ್ದು ಮಾರನೆ ದಿನ ಮೂರಕ್ಕೆ ಇಳಿಯಿತು. ನಮ್ಮ ತಾಯಿಗೆ ಬಿ.ಪಿ. ಇದೆ. ಆದರೂ ಕೆಳಗೆ ಬಿದ್ದ ಆ ಹುಡುಗಿಗೆ ಮಜ್ಜಿಗೆ ಕೊಟ್ಟು ಕೂರಿಸಿದವರು ಅವರೇ. ಲೋಟ ಹಿಡಿಯಲಾಗದಷ್ಟು ಆ ಮಗುವಿನ ಕೈ ನಡುಗುತ್ತಿತ್ತು. ದುಡ್ಡು ಕೊಟ್ಟು ಹತ್ತಿದವಳು. ಅವಳದೇನೂ ತಪ್ಪಿಲ್ಲ.

ನಾನು ಹಾರಾಟದ ವಿರೋಧಿ ಅಲ್ಲ. 1996ರಲ್ಲಿ ಯಲಹಂಕದಲ್ಲಿ ಮೊದಲ ಏರ್ ಶೋ ಆದಾಗ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ನೋಡಿದವನು. ಜಕ್ಕೂರಿನ ಪುಟ್ಟ ವಿಮಾನಗಳನ್ನು ಬೇಲಿ ಹೊರಗೆ ನಿಂತು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹಾರಬೇಕು ಅನ್ನುವ ಆಸೆ ದೊಡ್ಡದು. ಜರ್ಮನಿಯ ಲಿಲಿಯೆಂಥಾಲ್ 1894ರಲ್ಲಿ ಬರ್ಲಿನ್ ಹತ್ತಿರ ಹಾರುವುದಕ್ಕೆಂದೇ 15 ಮೀಟರ್ ಎತ್ತರದ ಗುಡ್ಡ ಕಟ್ಟಿಸಿಕೊಂಡ. ಎರಡು ವರ್ಷದ ನಂತರ ಬೇರೊಂದು ಕಡೆ ಗ್ಲೈಡರ್ ಸಮೇತ ಬಿದ್ದು ಸತ್ತ. ಆದರೆ ತನ್ನ ಪ್ರಾಣವನ್ನು ತಾನೇ ಪಣಕ್ಕಿಟ್ಟ. 1978ರಲ್ಲಿ ಫ್ರಾನ್ಸಿನ ಮೂವರು ವಿಮಾನದ ಖರ್ಚು ಉಳಿಸಲು ಪ್ಯಾರಾಚೂಟ್ ಹಿಡಿದು ಬೆಟ್ಟದಿಂದಲೇ ಓಡಿ ಹಾರಿದರು. ಇವತ್ತಿನ ಪ್ಯಾರಾಗ್ಲೈಡಿಂಗ್ ಬೆಳೆದದ್ದು ಅಲ್ಲಿಂದ. ಹಿಮಾಚಲದಲ್ಲಿ ಬಿಲ್ಲಿಂಗ್‌ನಿಂದ ಹಾರುತ್ತಾರೆ, ಕೆಳಗೆ ಬೀರ್‌ನಲ್ಲಿ ಇಳಿಯುತ್ತಾರೆ. ಇಳಿಯುವುದಕ್ಕೇ ಅಂತ ಬಯಲು ಇದೆ. 2015ರಲ್ಲಿ ಅಲ್ಲಿ ವಿಶ್ವಕಪ್ಪೇ ನಡೆಯಿತು. ಇಲ್ಲಿ ಇಳಿಯುವ ಜಾಗ ಯಾವುದು? ನನ್ನ ಚಪ್ಪರವಾ?

ಇನ್ನು ಹಾರಿಸಿದ ಹೊತ್ತು ನೋಡಿ. ಮಾರ್ಚ್ ತಿಂಗಳು, ಬೆಳಿಗ್ಗೆ ಹನ್ನೊಂದೂವರೆ. ಬಂಡೆ ಕಾಯುತ್ತದೆ, ಉತ್ತ ಹೊಲ ಕಾಯುತ್ತದೆ, ಬಿಸಿ ಗಾಳಿ ಮೇಲಕ್ಕೆ ನುಗ್ಗುತ್ತದೆ. ಹದ್ದು ರೆಕ್ಕೆ ಆಡಿಸದೇ ಸುತ್ತುವುದು ಅದರಲ್ಲೇ. ಸುಂಟರಗಾಳಿ ಏಳುವುದೂ ಅದರಿಂದಲೇ. ಈ ಹೊತ್ತಲ್ಲಿ ಗಾಳಿಯನ್ನು ನಂಬಬಾರದು ಅಂತ ನಮ್ಮೂರಲ್ಲಿ ಕುರಿ ಕಾಯುವ ಹುಡುಗನಿಗೂ ಗೊತ್ತು. ಬೆಳಗಿನ ತಂಪಿನಲ್ಲಿ ಎರಡು ಸುತ್ತು ಹಾರಿಸಿ ಇಳಿಸಬಹುದಿತ್ತು, ಅಲ್ವಾ? ಕ್ಯೂ ಜಾಸ್ತಿ ಇತ್ತು, ದುಡ್ಡು ಬಿಡಲು ಮನಸ್ಸಾಗಲಿಲ್ಲ.

ದೇವನಹಳ್ಳಿಯಲ್ಲಿ ನಮ್ಮ ಭಾಮೈದನ ಮದುವೆಗೆ ಡ್ರೋನ್ ತರಿಸಿದ್ದೆವು. ಏರ್‌ಪೋರ್ಟ್ ಹತ್ತಿರ, ಪರ್ಮಿಷನ್ ಇಲ್ಲದೇ ಆಗಲ್ಲ ಅಂತ ಫೋಟೊಗ್ರಾಫರ್ ಡಬ್ಬದಿಂದ ಹೊರಗೇ ತೆಗೆಯಲಿಲ್ಲ. 2021ರ ನಿಯಮದಲ್ಲಿ ಏರ್‌ಪೋರ್ಟ್ ಸುತ್ತ 12 ಕಿ.ಮೀ. ವರೆಗೂ ಕಟ್ಟುಪಾಡು ಇದೆ. ಒಂದು ಡ್ರೋನಿಗೆ ಇಷ್ಟು ಕಾನೂನು. ಜೀವ ಇರುವ ಇಬ್ಬರು ಎಂಜಿನ್ ಕಟ್ಟಿಕೊಂಡು ನಮ್ಮ ತಲೆ ಮೇಲೆ ಸುತ್ತಿದರೆ ಒಬ್ಬ ಅಧಿಕಾರಿಯೂ ಯಾಕೆ ಕೇಳಲಿಲ್ಲ?

ಸೋಮವಾರದಿಂದ ನಾಲ್ಕು ಕಚೇರಿ ಅಲೆದೆ. ಇದು ನಮಗೆ ಬರಲ್ಲ, ಅವರಿಗೆ ಬರುತ್ತೆ ಅಂತ ಒಬ್ಬರು. ಅಲ್ಲಿ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ. ಇನ್ನೊಂದು ಕಡೆ ಅರ್ಜಿ ತೆಗೆದುಕೊಂಡು ಓದಿ, ಆಲಿಕಲ್ಲು ಮಳೆಗೆ ಪರಿಹಾರ ಇದೆ, ಇದಕ್ಕೆ ಕಾಲಂ ಇಲ್ಲ ಅಂದರು. ನಾಲ್ಕನೆಯವರು ಫೋನೇ ಎತ್ತುವುದಿಲ್ಲ. ಇವರ ಕೆಲಸ ಮೊದಲಿನಿಂದಲೂ ಹೀಗೇ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಂದಿ ಬೆಟ್ಟದ ರಸ್ತೆ ಕೊಚ್ಚಿಹೋದಾಗ ಜೀಪುಗಳ ಮೇಲೆ ಜೀಪು ಬಂದವು. ಅದೇ ಮಳೆಯಲ್ಲಿ ನಮ್ಮ ತೋಟದ ಕಾಲುವೆ ಒಡೆದದ್ದಕ್ಕೆ ಕೊಟ್ಟ ಅರ್ಜಿ ಇವತ್ತಿಗೂ ಎಲ್ಲಿದೆಯೋ ಗೊತ್ತಿಲ್ಲ. ಭಾನುವಾರ ಬಂದರೆ ಕಾರುಗಳ ಸಾಲಿನಲ್ಲಿ ಹಾಲಿನ ಕ್ಯಾನ್ ಡೇರಿಗೆ ತಲುಪಿಸುವುದೇ ಕಷ್ಟ. ಎರಡು ಸಲ ಹಾಲು ಒಡೆದು ವಾಪಸ್ ಬಂದಿದೆ. ಕೆರೆ ಏರಿ ತುಂಬ ಬಾಟಲಿ ಚೂರು. ಬೀದಿದೀಪ ಕೆಟ್ಟು ಎಂಟು ತಿಂಗಳಾಯಿತು. ಯಾವ ಪುಣ್ಯಾತ್ಮನೂ ಬಂದು ನೋಡಿಲ್ಲ.

ಈ ಹಾರಾಟವನ್ನು ಕೂಡಲೇ ನಿಲ್ಲಿಸಿ. ನಿಲ್ಲಿಸಲು ಆಗದಿದ್ದರೆ ನೆಟ್ಟಗೆ ನಡೆಸಿ. ಇಳಿಯಲು ಬಯಲು ಗೊತ್ತು ಮಾಡಿ, ಗಾಳಿ ನೋಡುವವನನ್ನು ಇಡಿ, ವಿಮೆ ಮಾಡಿಸಿ, ನಮ್ಮ ಹಳ್ಳಿ ಹುಡುಗರಿಗೂ ಕಲಿಸಿ. ನನ್ನ ಬಳ್ಳಿಗೆ ಯಾರು ಹೊಣೆ ಅಂತ ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಿ. ಬೀದಿದೀಪವನ್ನಾದರೂ ಹಾಕಿಸಿ. ಸಂಬಳ ತೆಗೆದುಕೊಳ್ಳುವವರು ಫೋನನ್ನಾದರೂ ಎತ್ತಬೇಡವೇ? ನಾಳಿದ್ದು ಮತ್ತೆ ಭಾನುವಾರ. ಅವರ ಬೋರ್ಡು ಇನ್ನೂ ರಸ್ತೆ ಪಕ್ಕದಲ್ಲೇ ಇದೆ.

— ನೊಂದ ದ್ರಾಕ್ಷಿ ಬೆಳೆಗಾರ, ನಂದಿ ಹೋಬಳಿ, ಚಿಕ್ಕಬಳ್ಳಾಪುರ ತಾಲ್ಲೂಕು