ಕಥೆ ತೀರ್ಪಿನಲ್ಲಿ ಮುಗಿಯದಿರಲಿ

ಮಾನ್ಯರೇ,

ಲೈಂಗಿಕ ದೌರ್ಜನ್ಯವನ್ನು ವಸ್ತುವಾಗಿಸಿಕೊಂಡ ಕಾದಂಬರಿಗಳು ಹೆಚ್ಚಾಗಿ ಘಟನೆಯ ವಿವರದಲ್ಲೋ ನ್ಯಾಯಾಲಯದ ತೀರ್ಪಿನಲ್ಲೋ ಮುಗಿದುಬಿಡುವುದು ನೋವಿನ ಸಂಗತಿ. ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಸಂಶೋಧಕಿಯರು 1974ರಲ್ಲೇ ದಾಖಲಿಸಿದಂತೆ, ಆಘಾತದ ದೀರ್ಘ ಹಂತ ಶುರುವಾಗುವುದು ಘಟನೆ ನಡೆದ ಆಮೇಲೆ: ದುಃಸ್ವಪ್ನ, ಒಂಟಿಯಾಗಿರುವ ಭಯ, ಮನೆಯನ್ನೇ ಬದಲಿಸುವ ತಳಮಳ. ಆ ದಿನಗಳಲ್ಲಿ ಸಂತ್ರಸ್ತೆಯ ಮಾತನ್ನು ಗೆಳತಿ ನಂಬಿದಳೇ ಎಂಬುದು ಬಹಳ ಮುಖ್ಯ. ಆರೋಪಿ ಸಿರಿವಂತ ಮನೆತನದವನಾಗಿದ್ದು, ಗೆಳತಿಯೂ ಅದೇ ವಲಯದವಳಾಗಿದ್ದರೆ? ‘ಅವನು ಅಂಥವನಲ್ಲ’ ಎಂಬ ಅವಳ ಒಂದು ಮಾತೇ ಎರಡನೆಯ ಗಾಯ. ಕಥೆಗಾರರು ನಿಂತು ನೋಡಬೇಕಾದದ್ದು ಇಲ್ಲಿ ಎಂದು ನಾನು ದೃಢವಾಗಿ ನಂಬಿದ್ದೇನೆ. ಇಂಥ ಕೃತಿಗಳನ್ನು ವಿಮರ್ಶಿಸುವಾಗ ಪತ್ರಿಕೆಯ ಪುರವಣಿಯು ದೌರ್ಜನ್ಯದ ದೃಶ್ಯಕ್ಕಿಂತ ಆನಂತರದ ಬದುಕಿನ ಚಿತ್ರಣಕ್ಕೆ ಹೆಚ್ಚು ಜಾಗ ಕೊಡಲಿ.

– ಓರ್ವ ಓದುಗ