ತಿಲಾಪಿಯಾ ಸಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ‘ಈ ಪುಡಿ ಹಾಕಿದರೆ ವೈರಸ್ ಹತ್ತಿರಕ್ಕೂ ಬರಲ್ಲ’ ಅನ್ನೋ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಸುಮ್ನೆ ದುಡ್ಡು ಸುರಿಯಬೇಡಿ. ತಿಲಾಪಿಯಾ ಮೀನನ್ನು ಕೊಲ್ಲುವ ತಿಲಾಪಿಯಾ ಲೇಕ್ ವೈರಸ್ ನಮ್ಮ ದೇಶದಲ್ಲಿ 2018ರಲ್ಲೇ ವರದಿಯಾಗಿದೆ, ಅದಕ್ಕೆ ಔಷಧಿ ಇಲ್ಲ. ಆಂಟಿಬಯಾಟಿಕ್ ವೈರಸ್ಸಿಗೆ ನಾಟೋದೇ ಇಲ್ಲ.

ಇಂಥ ಪುಡಿಗಳಲ್ಲಿರುವ ವಿಟಮಿನ್ ಸಿ, ಬೀಟಾ ಗ್ಲುಕಾನ್ (ಯೀಸ್ಟ್‌ನಂಥವುಗಳಿಂದ ತೆಗೆಯುವ ಪೂರಕ) ಮೀನಿನ ರೋಗ ತಡೆಯುವ ಶಕ್ತಿಗೆ ಆಸರೆಯಾಗಬಹುದು, ಅಷ್ಟೇ. ಅದೂ ರೋಗ ಬರುವ ಮೊದಲೇ ಕೊಟ್ಟರೆ. ವಿಟಮಿನ್ ಸಿ ಬಿಸಿಗೆ, ನೀರಿಗೆ ಬೇಗ ಹಾಳಾಗುತ್ತದೆ. ಮೇವಿಗೆ ಬೆರೆಸಿ, ಮೇಲೆ ತುಸು ಎಣ್ಣೆ ಸವರಿ, ನೆರಳಲ್ಲಿ ಆರಿಸಿ, ಅವತ್ತೇ ಹಾಕಿ. ಸೀದಾ ಕೊಳಕ್ಕೆ ಎರಚಿದರೆ ನೀರುಪಾಲು, ಅಲ್ವಾ!

ಕಣ್ಣು ಮಂಜಾಗಿ, ಮೈಮೇಲೆ ಹುಣ್ಣಾಗಿ, ಮೇವು ಬಿಟ್ಟ ಮೀನು ಕಂಡರೆ ಮರಿ, ಬಲೆ, ನೀರು ಯಾವುದನ್ನೂ ಬೇರೆ ಕೊಳಕ್ಕೆ ಸಾಗಿಸಬೇಡಿ. ಸತ್ತ ಮೀನನ್ನು ಸುಣ್ಣ ಹಾಕಿ ಹೂಳಿ. ಮೀನುಗಾರಿಕೆ ಇಲಾಖೆಗೆ ತಿಳಿಸಿ.