ರಾತ್ರಿ ಬಂದದ್ದು ಬೆಳಿಗ್ಗೆ ಎಲ್ಲಿ ಹೋಯಿತು?

ಪ್ರಿಯ ಪೋಷಕರೇ,

ನಮಸ್ಕಾರ. ತಿಂಗಳ ಪರೀಕ್ಷೆಯ ಉತ್ತರಪತ್ರಿಕೆಗಳು ಮನೆಗೆ ಬಂದ ಮೇಲೆ ನಿಮ್ಮಲ್ಲಿ ಹಲವರು ನನ್ನ ಕೊಠಡಿಗೆ ಬಂದಿದ್ದಿರಿ. ಹೆಚ್ಚುಕಡಿಮೆ ಎಲ್ಲರದೂ ಒಂದೇ ಮಾತು: "ಮೇಡಂ, ಹಿಂದಿನ ರಾತ್ರಿ ನಾನೇ ಕೂರಿಸಿಕೊಂಡು ಕೇಳಿದ್ದೆ. ಒಂದಕ್ಷರ ಬಿಡದೆ ಒಪ್ಪಿಸಿದಳು. ಬೆಳಿಗ್ಗೆ ಹೋಗಿ ಖಾಲಿ ಹಾಳೆ ಕೊಟ್ಟು ಬಂದಿದ್ದಾಳೆ." ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಾಗಿತ್ತು. ಮಗಳು ಸುಳ್ಳಾಡಿಲ್ಲ, ನೀವೂ ಸುಳ್ಳಾಡಿಲ್ಲ. ರಾತ್ರಿ ಬಂದಿತ್ತು, ಬೆಳಿಗ್ಗೆ ಇರಲಿಲ್ಲ. ಅದು ಹೇಗೆಂದು ಎದುರಿಗೆ ಐದು ನಿಮಿಷದಲ್ಲಿ ಹೇಳಿ ಮುಗಿಸಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಆಟ. ಮನೆಯಲ್ಲಿ ಯಾರಿಗಾದರೂ ಮೂರು ಅಕ್ಷರ ಹೇಳಿ: ಟ, ಮ, ಖ. ತಕ್ಷಣವೇ ನೂರರಿಂದ ಹಿಂದಕ್ಕೆ ಮೂರು ಮೂರು ಕಳೆಯುತ್ತಾ ಎಣಿಸಲು ಹೇಳಿ: ತೊಂಬತ್ತೇಳು, ತೊಂಬತ್ತನಾಲ್ಕು, ತೊಂಬತ್ತೊಂದು... ಇಪ್ಪತ್ತು ಸೆಕೆಂಡಿನ ಬಳಿಕ ಆ ಅಕ್ಷರಗಳು ಯಾವುವೆಂದು ಕೇಳಿ. 1959ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್‌ಸನ್ ದಂಪತಿ ಮಾಡಿದ ಪ್ರಯೋಗ ಇಂಥದ್ದೇ. ಎಣಿಕೆ ಹದಿನೆಂಟು ಸೆಕೆಂಡು ತಲುಪುವಷ್ಟರಲ್ಲಿ ಹೆಚ್ಚಿನ ಸಲ ಅಕ್ಷರಗಳು ಹಾರಿಹೋಗಿರುತ್ತಿದ್ದವು. ಮೂರೇ ಮೂರು ಅಕ್ಷರ!

ಮನಸ್ಸಿನಲ್ಲಿ ಸದ್ಯಕ್ಕೆ ಹಿಡಿದುಕೊಳ್ಳುವ ಜಾಗ ಅಷ್ಟು ಕಿರಿದು. ಅದರಲ್ಲಿ ಸುಮಾರು ಏಳು ಸಂಗತಿ ಹಿಡಿಸುತ್ತವೆ ಎಂದು 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಬರೆದರು. ನಂತರದ ಸಂಶೋಧಕರು ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದ್ದಾರೆ. ಮಗ್ಗಿ ಬಾಯಿಪಾಠವಾಗಿಯೇ ಬರಬೇಕೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಏಳೆಂಟಲ ಎಷ್ಟೆಂದು ಬೆರಳೆಣಿಸುವ ಹೊತ್ತಿಗೆ, ಲೆಕ್ಕ ಏನು ಕೇಳಿತ್ತೆಂಬುದೇ ಆ ಕಿರಿದಾದ ಜಾಗದಿಂದ ಜಾರಿ ಬಿದ್ದಿರುತ್ತದೆ. ಉರು ಹೊಡೆಯುವುದೆಲ್ಲ ಕೆಟ್ಟದ್ದೆಂದು ಈಚೆಗೆ ಹೇಳುವವರಿದ್ದಾರೆ. ನಾನು ಆ ಗುಂಪಿನವಳಲ್ಲ.

ಆದರೆ ಪಾಠ ಮಗ್ಗಿಯಲ್ಲ. ಏಳನೆಯ ತರಗತಿಯ ಒಬ್ಬ ಹುಡುಗಿಯ ವಿಜ್ಞಾನದ ಪುಸ್ತಕವನ್ನು ಕಳೆದ ತಿಂಗಳು ತೆರೆದು ನೋಡಿದೆ. ದ್ಯುತಿಸಂಶ್ಲೇಷಣೆಯ ಪಾಠದ ಎರಡೂ ಪುಟ ಹಳದಿ. ಒಂದು ಸಾಲನ್ನೂ ಬಿಡದೆ ಬಣ್ಣ ಎಳೆದಿದ್ದಳು, ಚಿತ್ರದ ಕೆಳಗಿನ ಅಡಿಬರಹಕ್ಕೂ. ಪುಸ್ತಕ ಮುಚ್ಚಿ, ಎಲೆಗೆ ಬಿಸಿಲು ಏಕೆ ಬೇಕು ಎಂದು ಕೇಳಿದೆ. ಕಣ್ಣು ಮುಚ್ಚಿ ಯೋಚಿಸಿ, "ಎಡಗಡೆ ಪುಟದಲ್ಲಿ, ಕೆಳಗಿನಿಂದ ಮೂರನೇ ಸಾಲಿನಲ್ಲಿದೆ ಮಿಸ್" ಎಂದಳು. ತೆರೆದು ನೋಡಿದರೆ ಅಲ್ಲೇ ಇತ್ತು! ಎಲ್ಲಿದೆ ಎಂಬುದು ಅಚ್ಚಾಗಿತ್ತು, ಏನಿದೆ ಎಂಬುದು ಆಗಿರಲಿಲ್ಲ.

ಅವಳು ಸೋಮಾರಿಯಲ್ಲ, ಗಂಟೆಗಟ್ಟಲೆ ಕೂತಿದ್ದಾಳೆ. ಕೂತ ಹೊತ್ತಿನಲ್ಲಿ ಮನಸ್ಸು ಏನು ಮಾಡುತ್ತಿತ್ತೋ ಅದೇ ನೆನಪಾಗಿ ಉಳಿಯಿತು, ಅಷ್ಟೇ. ಕ್ರೇಕ್ ಮತ್ತು ಟಲ್ವಿಂಗ್ ಎಂಬ ಮನೋವಿಜ್ಞಾನಿಗಳು 1975ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪದಗಳನ್ನು ತೋರಿಸಿ ಮೂರು ಬಗೆಯ ಪ್ರಶ್ನೆ ಕೇಳಿದ್ದರು: ಇದರ ಇಂಗ್ಲಿಷ್ ಅಕ್ಷರ ಕ್ಯಾಪಿಟಲ್ಲೋ ಸಣ್ಣದೋ, ಇದು ಇಂಥ ಪದಕ್ಕೆ ಪ್ರಾಸವಾಗುತ್ತದೆಯೋ, ಇದು ಈ ವಾಕ್ಯದಲ್ಲಿ ಹೊಂದುತ್ತದೆಯೋ. ಮುಂದೆ ಪರೀಕ್ಷೆ ಇದೆಯೆಂದು ಹೇಳಿರಲಿಲ್ಲ. ಆದರೂ ಅರ್ಥ ಯೋಚಿಸಿ ಉತ್ತರಿಸಿದ ಪದಗಳೇ ಹೆಚ್ಚು ನೆನಪಿನಲ್ಲಿ ಉಳಿದಿದ್ದವು, ಅಕ್ಷರದ ರೂಪ ಮಾತ್ರ ನೋಡಿದವು ತೀರಾ ಕಡಿಮೆ. ಹಳದಿ ಪೆನ್ನು ಕಣ್ಣಿಗೆ ಕೆಲಸ ಕೊಡುತ್ತದೆ, ಅರ್ಥದ ತಂಟೆಗೆ ಹೋಗುವುದೇ ಇಲ್ಲ.

ಒಬ್ಬ ತಂದೆ ಕೇಳಿದರು: "ಸೈಕಲ್ ಒಂದು ಸಲ ಕಲಿತದ್ದು ಮರೆಯಲಿಲ್ಲ, ಪಾಠ ಮಾತ್ರ ಹೇಗೆ ಮರೆಯುತ್ತಾನೆ?" ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಒಬ್ಬ ರೋಗಿಯಿಂದ. ಅಪಸ್ಮಾರ ತಡೆಯಲಾಗದೆ 1953ರಲ್ಲಿ ಆತನ ಮಿದುಳಿನ ಎರಡೂ ಬದಿಯಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದರು. ಮಾತು, ಬುದ್ಧಿ, ಬಾಲ್ಯದ ನೆನಪು ಉಳಿದವು. ಹೊಸದು ಮಾತ್ರ ನಿಲ್ಲಲಿಲ್ಲ. ಮಾತನಾಡಿ ಹೊರಹೋದವರು ಸ್ವಲ್ಪ ಹೊತ್ತು ಬಿಟ್ಟು ಒಳಬಂದರೆ ಆತನ ಪಾಲಿಗೆ ಅಪರಿಚಿತರು. ಆದರೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಆತನಿಗೆ ಕನ್ನಡಿಯಲ್ಲಿ ಮಾತ್ರ ಕೈ ನೋಡುತ್ತಾ ನಕ್ಷತ್ರ ಬಿಡಿಸುವ ಕೆಲಸ ಕೊಟ್ಟಾಗ, ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದೆ ಬಿಡಿಸಿದ್ದೇನೆಂಬುದೇ ಆತನಿಗೆ ನೆನಪಿರಲಿಲ್ಲ! ಕೈ ಕಲಿಯುವ ದಾರಿ ಬೇರೆ, ಸಂಗತಿಗಳು ನೆನಪಾಗುವ ದಾರಿ ಬೇರೆ. ಆದ್ದರಿಂದ ಸೈಕಲ್ಲನ್ನು ಇತಿಹಾಸದ ಪಾಠಕ್ಕೆ ಹೋಲಿಸಿ ಮಗನನ್ನು ಗದರಬೇಡಿ.

ನಿದ್ದೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಗಲು ಕಲಿತದ್ದು ಗಟ್ಟಿಯಾಗುವ ಕೆಲಸದಲ್ಲಿ ಒಂದು ಭಾಗ ನಡೆಯುವುದು ನಿದ್ದೆಯಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಕೂರಿಸಿದರೆ ಆ ಕೆಲಸಕ್ಕೇ ಕತ್ತರಿ.

ಇನ್ನು ಮರೆವು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಸಾವಿರಾರು ಉಚ್ಚಾರಗಳನ್ನು ತಾನೇ ಉರು ಹೊಡೆದು, ಅವನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಇಪ್ಪತ್ತು ನಿಮಿಷದ ಬಳಿಕ ಉಳಿತಾಯ ಸುಮಾರು ಶೇ. 58, ಒಂದು ದಿನದ ಬಳಿಕ ಶೇ. 34, ಒಂದು ತಿಂಗಳ ಬಳಿಕ ಶೇ. 21. ಮೊದಲು ಕಡಿದಾದ ಇಳಿಜಾರು, ಆಮೇಲೆ ನಿಧಾನ. ಅರ್ಥವಿರುವ ಪಾಠ ಇಷ್ಟು ಬೇಗ ಜಾರುವುದಿಲ್ಲ. ನನಗೆ ಇದರಲ್ಲಿ ಹಿಡಿಸಿದ್ದು ಆ ಕೊನೆಯ 21. ಪೂರ್ತಿ ಮರೆತಂತೆ ಕಂಡದ್ದನ್ನೂ ಎರಡನೇ ಸಲ ಕಲಿಯಲು ಕಡಿಮೆ ಶ್ರಮ ಸಾಕು.

ಈಗ ಆ ರಾತ್ರಿಗೆ ಬರುತ್ತೇನೆ. ಮಗಳು ಓದಿದಳು, ಓದಿದ ಕೂಡಲೇ ಒಪ್ಪಿಸಿದಳು, ಪುಸ್ತಕದಲ್ಲಿದ್ದ ಅದೇ ಕ್ರಮದಲ್ಲಿ. ತಡವರಿಸಿದಲ್ಲಿ ಮೊದಲ ಪದವನ್ನು ನೀವು ಎತ್ತಿಕೊಟ್ಟಿರಿ. (ಕೊಟ್ಟಿರುತ್ತೀರಿ. ನಾನೂ ನನ್ನ ಮಗನಿಗೆ ಕೊಟ್ಟಿದ್ದೇನೆ.) ಪರೀಕ್ಷೆಯ ಕೊಠಡಿಯಲ್ಲಿ ಆ ಮೊದಲ ಪದವೂ ಇಲ್ಲ, ಹಿಂದಿನ ಸಾಲೂ ಇಲ್ಲ. ಪ್ರಶ್ನೆ ನಡುವಿನಿಂದ ಬಂದಿದೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಲು ಕೊಟ್ಟರು. ಒಂದು ಬಗೆಯಲ್ಲಿ ಅದನ್ನೇ ಮತ್ತೊಮ್ಮೆ ಓದುವುದು, ಇನ್ನೊಂದರಲ್ಲಿ ಹಾಳೆ ಮುಚ್ಚಿಟ್ಟು ನೆನಪಿದ್ದಷ್ಟು ಬರೆಯುವುದು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದು: ಅವರಿಗೆ ನೆನಪಿದ್ದದ್ದು ಶೇ. 81, ಮುಚ್ಚಿ ಬರೆದವರಿಗೆ ಶೇ. 75. ಒಂದು ವಾರದ ನಂತರ ತಕ್ಕಡಿ ತಿರುಗಿತು: ಮತ್ತೆ ಓದಿದವರಿಗೆ ನೆನಪಿದ್ದದ್ದು ಶೇ. 42, ಮುಚ್ಚಿ ಬರೆದವರಿಗೆ ಶೇ. 56. ಅವರದೇ ಇನ್ನೊಂದು ಪ್ರಯೋಗದಲ್ಲಿ, ಪದೇ ಪದೇ ಓದಿದವರೇ ತಮಗೆ ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ನಂಬಿದ್ದರು. ನಿಮ್ಮ ಮಗಳೂ ನಂಬಿದ್ದಳು.

ಆದ್ದರಿಂದ ಮುಂದಿನ ತಿಂಗಳಿನಿಂದ ಪ್ರತಿ ತರಗತಿಯಲ್ಲೂ ಬೆಳಗಿನ ಮೊದಲ ಐದು ನಿಮಿಷ ಪುಸ್ತಕಗಳು ಮುಚ್ಚಿರುತ್ತವೆ. ಮೂರು ಪ್ರಶ್ನೆ: ಒಂದು ನಿನ್ನೆಯದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ತಿಂಗಳ ಹಿಂದಿನ ಪ್ರಶ್ನೆಗೆ ಮಕ್ಕಳು ತಡಕಾಡುತ್ತಾರೆ, ತಡಕಾಡಲಿ. ಬರೆದಾದ ಮೇಲೆ ಪುಸ್ತಕ ತೆರೆದು ತಾವೇ ತಿದ್ದಿಕೊಳ್ಳುತ್ತಾರೆ. ತಿದ್ದದೆ ಬಿಟ್ಟರೆ ತಪ್ಪೇ ಬೇರೂರುವುದುಂಟು. ಅಂಕ ಇಲ್ಲ, ರ‍್ಯಾಂಕ್ ಇಲ್ಲ. ರ‍್ಯಾಂಕ್ ಇದೆಯೇ ಎಂದು ಈಗಾಗಲೇ ಇಬ್ಬರು ಫೋನ್ ಮಾಡಿ ಕೇಳಿದ್ದಾರೆ, ಅವರಿಗೂ ಇದೇ ಉತ್ತರ.

ಮನೆಯಲ್ಲಿಯೂ ಹೀಗೇ ಮಾಡಬಹುದು. "ಓದಿದೆಯಾ?" ಎಂದು ಕೇಳುವ ಬದಲು "ಮೊನ್ನೆ ಓದಿದ್ದರಲ್ಲಿ ಏನಿತ್ತು, ನನಗೆ ಹೇಳು" ಎನ್ನಿ. ಮಗು ಸುಮ್ಮನೆ ಕೂತರೆ ಹತ್ತು ಎಣಿಸುವಷ್ಟು ಹೊತ್ತು ನೀವೂ ಸುಮ್ಮನಿರಿ. ಇದು ಹೇಳಿದಷ್ಟು ಸುಲಭವಲ್ಲ.

ಬೆಳಗಿನ ಪ್ರಶ್ನೆಗಳ ನೋಟ್‌ಬುಕ್ ಪ್ರತಿ ಶುಕ್ರವಾರ ಮನೆಗೆ ಬರುತ್ತದೆ. ಸಹಿ ಬೇಕಿಲ್ಲ. "ನೆನಪಿಲ್ಲ" ಎಂದು ಬರೆದಿರುವ ಕಡೆ ನೀವು ಉತ್ತರ ತುಂಬಬೇಡಿ, ಆ ಪ್ರಶ್ನೆ ಎರಡು ವಾರದಲ್ಲಿ ಮತ್ತೆ ಬರುವುದಿದೆ. ಇನ್ನೂ ಏನಾದರೂ ಕೇಳುವುದಿದ್ದರೆ ಬುಧವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಾನು ಕೊಠಡಿಯಲ್ಲಿರುತ್ತೇನೆ. ಬಂದವರನ್ನು ಈ ಪತ್ರದ ಆರಂಭದಲ್ಲಿದ್ದ ಮೂರು ಅಕ್ಷರ ಯಾವುವೆಂದು ಕೇಳುವ ಯೋಚನೆಯಿದೆ. ಹಿಂದಕ್ಕೆ ತಿರುಗಿಸಿ ನೋಡಬೇಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ